ಖಾಲಿ ಸರೋವರದ ಉಂಗುರಗಳು

ಬಾತುಗಣತಿಯ ಅಧಿಕಾರಿ ಹಾರ್ಲನ್ ಅವರಿಗೆ,

ಮಂಜುಗಡ್ಡೆ ಕರಗಿದಾಗ ವಿಮಾನದಿಂದ ಎಣಿಸಿ, ನಮ್ಮ ಸರೋವರದಲ್ಲಿ ಬಾತುಗಳೇ ಇಲ್ಲವೆಂದು ಬರೆದಿರಿ. ನಮ್ಮ ಬೇಟೆಗೆ ನಿಷೇಧ ಬಿತ್ತು.

"ವಿಮಾನದ ಸದ್ದಿಗೆ ಕರಿಬಾತು ಮುಳುಗಿಬಿಡ್ತವಪ್ಪ, ದೋಣೀಲಿ ಬಾ, ತೋರಿಸ್ತೀನಿ" ಎಂದಿದ್ದಳು ನನ್ನಜ್ಜಿ ಮದ್ಲೇನ್. "ನಿನ್ನ ಕಣ್ಣು ಮಂಜಾಗಿದೆ, ಮುದುಕಿ" ಎಂದು ಊರೆದುರು ನಕ್ಕಿರಿ.

ನೀವು ಹಾರಾಡಿದ ವಾರವೇ, ನಿಷೇಧಕ್ಕೂ ಮೊದಲು, ನಾವಲ್ಲಿ ಹೊಡೆದ ಒಂಬತ್ತು ಬಾತುಗಳ ಕಾಲಲ್ಲಿ, ಹಿಂದೆ ದಕ್ಷಿಣದಲ್ಲಿ ಗುರುತಿಗೆಂದು ನೀವೇ ತೊಡಿಸಿದ ನಂಬರಿನ ಉಂಗುರಗಳಿದ್ದವು. ಅವುಗಳ ನಂಬರು, ಹೊಡೆದ ತಾರೀಖು ನಿನ್ನೆ ನಿಮ್ಮ ಮೇಲಧಿಕಾರಿಗೆ ಹೋಗಿವೆ.

ಉಂಗುರಗಳು ಅಜ್ಜಿಯ ನಾಯಿಯ ಕೊರಳಲ್ಲಿವೆ. ವಿಚಾರಣೆಗೆ ಬೇಕಾದರೆ ಬಂದು ಬಿಚ್ಚಿಕೊಳ್ಳಿ. ನಾಯಿಗೆ ನಿಮ್ಮ ಹೆಸರನ್ನೇ ಇಟ್ಟಿದ್ದಾಳೆ. ಬೇರೆಯವರು ಮುಟ್ಟಿದರೆ ಕಚ್ಚುತ್ತದೆ. ಅಜ್ಜಿ ಹೇಳಿದರಷ್ಟೇ ಸುಮ್ಮನಿರುತ್ತದೆ.

ಹಾಗಾಗಿ ಮೊದಲು ಅವಳನ್ನು ಕೇಳಿಕೊಳ್ಳಿ. ಊರೆದುರು.

ಇಂತಿ,
ಮುದುಕಿಯ ಮೊಮ್ಮಗಳು,
ಸಿಲ್ವೀ