ಅಲೆಕ್ಸಾಂಡ್ರಿಯಾದಲ್ಲಿ ಹರಿದ ಶಿವದಾರ

ಸುಕನ್ಯಕ್ಕನಿಗೆ ಅಲೆಕ್ಸಾಂಡ್ರಿಯಾದಿಂದ ಗಂಗಾಳ ನಮಸ್ಕಾರ.

ಬೆಳಿಗ್ಗೆ ಇಲ್ಲಿಯ ಹಳೆಯ ಬಂದರಿನ ಗೋಡೆಗೆ ಒರಗಿ ಸಮುದ್ರ ನೋಡುತ್ತಿದ್ದಾಗ ನನ್ನ ಕೊರಳಿನ ಶಿವದಾರ ಹರಿಯಿತು. ಲಿಂಗದ ಕರಡಿಗೆ ಜಾರಿ ಸೆರಗಿನಲ್ಲಿ ಸಿಕ್ಕಿಕೊಂಡಿತು. ಇಲ್ಲದಿದ್ದರೆ ಸಮುದ್ರದ ಪಾಲಾಗುತ್ತಿತ್ತು. ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

“ಬಿಪಿ ಗುಳಿಗಿ ನುಂಗು, ನೀರರೆ ಕುಡಿ, ಮಾರಿ ಬಾಡೇತಿ” ಎಂದರು ನಮ್ಮ ಯಜಮಾನರು.

“ಲಿಂಗ ಕೊರಳಾಗ ಇಲ್ದ ನೀರು ಹೆಂಗ ಇಳೀತೈತ್ರಿ?” ಎಂದೆ.

ದಾರ ಹುಡುಕುತ್ತ ಹೊರಟೆವು. ಇಲ್ಲಿ ಮಸೀದಿ, ಚರ್ಚು, ಯಹೂದಿಗಳ ಮಂದಿರ ಎಲ್ಲವೂ ಹತ್ತಿರ ಹತ್ತಿರವೇ ಇವೆ. ಆ ಓಣಿಯಲ್ಲಿ ಗುಂಡಿ, ದಾರ ಮಾರುವ ಗ್ರೀಕ್ ಅಜ್ಜಿಯೊಬ್ಬಳು ನನ್ನ ಬಿಗಿಮುಷ್ಟಿಯನ್ನು ನೋಡಿದಳು. ತನ್ನ ಕೊರಳಿನ ಶಿಲುಬೆಯನ್ನು ಹೊರಗೆಳೆದು ತೋರಿಸಿ, ಅದಕ್ಕೆ ಕಟ್ಟಿದಂಥದೇ ದಾರ ಕತ್ತರಿಸಿ ಕೊಟ್ಟಳು. ಕಟ್ಟಿಕೊಂಡೆ, ಗುಳಿಗೆ ನುಂಗಿದೆ. ಮಠದ ಅಯ್ಯನವರ ಕೈಯಿಂದ ಬಾರದ ದಾರ ನಡೆಯುತ್ತದೋ ಇಲ್ಲವೋ, ಅವರನ್ನು ಕೇಳಿಡು. ಅವ್ವನಿಗೆ ಮಾತ್ರ ಇದನ್ನು ಓದಿ ಹೇಳಬೇಡ.

ಅಕ್ಷರ ಓರೆಯಾಗಿದ್ದಕ್ಕೆ ಬೈಯಬೇಡ. ಗಂಟು ಬಿಚ್ಚೀತೆಂಬ ಭಯಕ್ಕೆ ಎಡಗೈ ಎದೆಯ ಮೇಲೆಯೇ ಇದೆ, ಬರೆಯುವಾಗ ಈ ಕಾರ್ಡು ಒತ್ತಿ ಹಿಡಿಯಲು ಇನ್ನೊಂದು ಕೈಯಿಲ್ಲ.

ನಿನ್ನ ತಂಗಿ,
ಗಂಗಾಂಬಿಕಾ