ರೀ ಹಚ್ಚಿ ಕರೆದ ಬೋಲ್ಟು

ಚಂದ್ರಶಾ,

ಈ ಪತ್ರವನ್ನು ನಿನಗೆ ಕಳಿಸುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ಆದರೆ ಇವತ್ತಿನ ಸುದ್ದಿ ನಿನ್ನ ಬಿಟ್ಟು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ರಂಜನಾ ಮೇಡಂ ಅವರ ಡೀಸೆಲ್ ಕಾರು ಬಂದಿತ್ತು. ಟರ್ಬೋಗೆ ಕೂಡಿಸಿದ ಸೈಲೆನ್ಸರ್ ಪೈಪು ಬಿಚ್ಚಬೇಕಿತ್ತು. ಮೂರು ಬೋಲ್ಟು ಸಲೀಸಾಗಿ ಬಂದವು. ಹಿಂದಿನ ಸಂದಿಯಲ್ಲಿ ಅಡಗಿದ ನಾಲ್ಕನೆಯದು, ಯಾವಾಗಲೂ ನೀನೇ ಬಿಚ್ಚುತ್ತಿದ್ದದ್ದು, ಕಣ್ಣಿಗೇ ಬೀಳಲಿಲ್ಲ. ತಡಕಾಡಿ ಎಣ್ಣೆ ಕುಡಿಸಿದೆ, ಬೈದೆ, ಮೊಣಕೈ ತರಚಿಕೊಂಡೆ. ಅದು ಕದಲಲಿಲ್ಲ. ಆಗ ನಿನ್ನ ಮಾತು ನೆನಪಾಯಿತು: "ಬೈದ್ರ ಬರೂದಿಲ್ಲಲೇ, ರೀ ಹಚ್ಚಿ ಕರಿ." ಕಣ್ಣು ಮುಚ್ಚಿ, ಎಡಗೈಯಿಂದ ಬೋಲ್ಟು ತಿರುಗಿಸುವ ಪಾನಾ ತೂರಿಸಿ, ಮರ್ಯಾದೆ ಕೊಟ್ಟು "ಬರ್ರಿ ಸಾಹೇಬ್ರ, ಬರ್ರಿ" ಎಂದೆ.

"ಯಾರಿಗಿ ಕರ್ಯಾಕತ್ತೀರಿ?" ಎಂದರು ಪಕ್ಕದಲ್ಲೇ ನಿಂತಿದ್ದ ಮೇಡಂ.

"ಬೋಲ್ಟಿಗಿ ರೀ."

ಅವರು ನಗಲಿಲ್ಲ. ಬಾನೆಟ್ಟಿನೊಳಗೆ ಬಗ್ಗಿ ತಾವೂ ಕರೆದರು: "ಬರ್ರಿ, ಹೊತ್ತಾತು." ಸಾಹೇಬರು ಟಕ್ಕನೆ ತಿರುಗಿಬಿಟ್ಟರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮತ್ತೆ ಕೂಡಿಸುವಾಗ ಬೋಲ್ಟು ಪಾನಾದ ಬಾಯಿಂದ ಜಾರಿ ಬೀಳುತ್ತಿತ್ತು. ನಿನ್ನ ಹಾಗೆಯೇ ಬಾಳೆಸಿಪ್ಪೆಯ ಚೂರು ಸಿಕ್ಕಿಸಿದೆ, ನಿಂತಿತು. ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಈಗಲೂ ಕಮಲಾಪುರದ ಕೆಂಪು ಬಾಳೆಹಣ್ಣನ್ನೇ ಕೊಳ್ಳುತ್ತೇನೆ.

ಕಲಬುರಗಿಯ ಈ ಗ್ಯಾರೇಜು ಬಿಟ್ಟು ನೀನು ನಿಮ್ಮೂರು ಕಮಲಾಪುರಕ್ಕೆ ಹೊರಟ ದಿನ ನಾನು ಸಿಟ್ಟಿನಲ್ಲಿ ಅಂದದ್ದು ಒಂದೇ ಮಾತು, "ಹೋಗ್ ಲೇ."

ಇವತ್ತು ಶಟರ್ ಎಳೆಯುವಾಗ ನಿಮ್ಮೂರಿನ ರಸ್ತೆಯ ಕಡೆ ಮುಖ ಮಾಡಿ, ಯಾರಿಗೂ ಕೇಳಿಸದಂತೆ ಅಂದು ನೋಡಿದೆ:

"ಬರ್ರಿ ಚಂದ್ರಶಾ ಸಾಹೇಬ್ರ, ಬರ್ರಿ. ಹೊತ್ತಾತು."