ರೆಪ್ಲಿಕಾ ಮೇಲೆ ಓಡಿದ ವಾರ

ಮಾರ್ಚ್ ೩, ಬೆಳಿಗ್ಗೆ

ಎಂದಿನಂತೆ ಸರ್ವರ್ ರೂಮು. ಎ.ಸಿ. ಸೋರಿ ತುಂಬಿದ ಬಕೆಟ್ ಹೊರಗೆ ಚೆಲ್ಲಿ ಬಂದೆ. ಬ್ಯಾಕಪ್ ರಿಪೋರ್ಟ್ ನೋಡಿದೆ, ಎಲ್ಲ ಹಸಿರು. ಆಮೇಲೆ ಇಸ್ತ್ರಿಯ ಆಗಮನ. ತಂಗಿಯ ಗಂಡನಿಗೆ ನಾನಿಟ್ಟ ಹೆಸರು. ಅಂಗಿ ಸುಕ್ಕಾದೀತೆಂದು ಕೂರುವುದೂ ಇಲ್ಲ, ಪುಣ್ಯಾತ್ಮ. ಮಕ್ಕಳಾಗದವರ ಈ ಆಸ್ಪತ್ರೆಯಲ್ಲಿ ಅವನಿಗೆ ಕೆಲಸ ಕೊಡಿಸಿದವನು ನಾನು. ಈಗ ಅವನು ಹೆಡ್ಡು, ನಾನು ಬಕೆಟ್ಟು.

"ಭಾವ, ದೊಡ್ಡ ಸರ್ವರ್ ಬಿಚ್ಚಿ ರಿಪೇರಿ ಮಾಡಬೇಕು. ನಾಳೆಯಿಂದ ಒಂದು ವಾರ ಎಲ್ಲಾ ಮಷೀನೂ ಪಕ್ಕದ ಸರ್ವರ್‌ನಲ್ಲಿರೋ ರೆಪ್ಲಿಕಾ ಮೇಲೆ ಓಡುತ್ತೆ. ನಾನೇ ಮಾಡ್ತೀನಿ. ನೀವು ಸುಮ್ನೆ ನೋಡ್ತಿರಿ, ಸಾಕು."

ನೋಡುತ್ತಿರಬೇಕಂತೆ! ಹಲ್ಲು ಕಚ್ಚಿಕೊಂಡು ಆಗಲಿ ಎಂದೆ.

ಮಾರ್ಚ್ ೪

ಆಸ್ಪತ್ರೆಯ ದಾಖಲೆಗಳಿರುವ ಮಷೀನುಗಳೆಲ್ಲ ರೆಪ್ಲಿಕಾಕ್ಕೆ, ಅಂದರೆ ತಮ್ಮದೇ ನಕಲಿಗೆ, ದಾಟಿದವು. ಯಾರಿಗೂ ಗೊತ್ತೇ ಆಗಲಿಲ್ಲ. ದೊಡ್ಡ ಡಾಕ್ಟರ್ ಇಸ್ತ್ರಿಯ ಬೆನ್ನು ತಟ್ಟಿದರು — ಅಂಗಿ ಸುಕ್ಕಾಯಿತು, ಅದೊಂದೇ ಸಮಾಧಾನ.

ತಂಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೈ ಹುಷಾರಿಲ್ಲ, ಮಲಗಿದ್ದಾಳೆ ಎಂದ ಇವನು. ಇಲ್ಲೇ ಚಿಕಿತ್ಸೆ ಪಡೆಯುತ್ತಿದ್ದಳು. ಹೋದ ಸಲ ಗರ್ಭ ನಿಲ್ಲದಿದ್ದಾಗ "ನಿನ್ನ ಗಂಡನ್ನ ಒಂದ್ಸಲ ರಿಸ್ಟಾರ್ಟ್ ಮಾಡಿ ನೋಡೇ" ಎಂದಿದ್ದೆ. ನಗಲಿಲ್ಲ. ಅಂದಿನಿಂದ ಆ ವಿಷಯವನ್ನೇ ನನ್ನೆದುರು ತೆಗೆಯುವುದಿಲ್ಲ. ಕೈಬಿಟ್ಟಿರಬೇಕು. ತಮಾಷೆಯೂ ಆಗದ ಮನೆ.

ಮಾರ್ಚ್ ೫, ಬೆಳಿಗ್ಗೆ

ರಿಪೋರ್ಟ್ ಹಸಿರು. ಆದರೆ ಬ್ಯಾಕಪ್ಪಿನ ಗಾತ್ರ... ಏನೂ ಇಲ್ಲವೆನ್ನುವಷ್ಟು. ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಎಷ್ಟು ಖುಷಿ!

ಬ್ಯಾಕಪ್ ಇನ್ನೂ ಹಳೆಯ ಮಷೀನುಗಳ ಹೆಸರಲ್ಲೇ ಇದೆ. ಅವು ಆಫ್ ಆಗಿ ಮಲಗಿವೆ. ಅವುಗಳ ಡಿಸ್ಕ್ ಬೇರೆ ಪೆಟ್ಟಿಗೆಯಲ್ಲಿರುವುದರಿಂದ ಬ್ಯಾಕಪ್ಪಿನ ಕೈಗೆ ಸಿಗುತ್ತಿವೆ, ಅಷ್ಟೇ. ಬದಲಾದದ್ದನ್ನಷ್ಟೇ ಕಾಪಿ ಮಾಡುವ ಬ್ಯಾಕಪ್, ಏನೂ ಬದಲಾಗದೆ ಮಲಗಿದ್ದನ್ನೇ ಮುಟ್ಟಿ ನೋಡಿ 'ಯಶಸ್ವಿ' ಎನ್ನುತ್ತಿದೆ. ಆಸ್ಪತ್ರೆಯ ಕೆಲಸವೆಲ್ಲ ನಡೆಯುತ್ತಿರುವುದು ರೆಪ್ಲಿಕಾದಲ್ಲಿ. ಅದನ್ನು ಬ್ಯಾಕಪ್ಪಿಗೆ ಸೇರಿಸುವುದನ್ನು ಮಹಾನುಭಾವ ಮರೆತಿದ್ದಾನೆ.

ಎರಡು ನಿಮಿಷದ ಕೆಲಸ. ನಾನೇ ಸೇರಿಸಬಹುದು. ಯಾಕೆ ಸೇರಿಸಲಿ? ನೋಡ್ತಿರಿ, ಸಾಕು ಎಂದನಲ್ಲ. ವಾರ ಮುಗಿಯಲಿ. ಮೀಟಿಂಗಿನಲ್ಲಿ ಎಲ್ಲರೆದುರು ಮೆಲ್ಲಗೆ ಕೇಳುತ್ತೇನೆ — ಬ್ಯಾಕಪ್ ತೋರಿಸಪ್ಪ.

ಮಾರ್ಚ್ ೭

ಲ್ಯಾಬ್ ಮೇಡಂ ಕಾರಿಡಾರಿನಲ್ಲಿ ಸಿಕ್ಕರು. ಕೈತುಂಬ ಕೆಲಸವಂತೆ. ಭ್ರೂಣಗಳನ್ನು ಫ್ರೀಜ್ ಮಾಡಿ ಟ್ಯಾಂಕಿಗೆ ಇಳಿಸುತ್ತಿದ್ದಾರೆ. ಕೊಳವೆಯ ಮೇಲೆ ಬರೀ ನಂಬರು. ಆ ನಂಬರು ಯಾರದ್ದೆಂಬುದು ಕಂಪ್ಯೂಟರಿನಲ್ಲಿ ಮಾತ್ರ. ಮೊದಲು ಕಾಗದದಲ್ಲೂ ಬರೆಯುತ್ತಿದ್ದರು. ಅದೆಲ್ಲ ಹಳೇ ಕಾಲದ್ದು ಎಂದು ನಿಲ್ಲಿಸಿದವನು ಇಸ್ತ್ರಿ.

"ನೀವಿದ್ದೀರಲ್ಲ ಸರ್, ನಮಗೇನು ಭಯ," ಎಂದರು ಮೇಡಂ. ಹೌದು ಎಂದೆ.

ಮಾರ್ಚ್ ೧೦, ಮಧ್ಯಾಹ್ನ

ಆಯಿತು. ನಾನಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಆಯಿತು.

ಬೆಳಿಗ್ಗೆ ದೊಡ್ಡ ಸರ್ವರ್ ರೆಡಿ. ವಾಪಸ್ ಬರಲು ಎರಡು ದಾರಿ. ಫೇಲ್‌ಬ್ಯಾಕ್ ಮಾಡಿದರೆ ರೆಪ್ಲಿಕಾದಲ್ಲಿ ಬರೆದದ್ದೆಲ್ಲ ಹಳೆಯ ಮಷೀನಿಗೆ ಬರುತ್ತದೆ, ನಿಧಾನ. ಅನ್‌ಡೂ ಒತ್ತಿದರೆ ರೆಪ್ಲಿಕಾದ ವಾರವನ್ನೇ ಎಸೆದು ಹಳೆಯದು ಏಳುತ್ತದೆ, ತಕ್ಷಣ. ಇಸ್ತ್ರಿ ಫೇಲ್‌ಬ್ಯಾಕ್ ಮಾಡಿದ. ಅರ್ಧದಲ್ಲಿ ನಿಂತಿತು. ದೊಡ್ಡ ಡಾಕ್ಟರ್ ಫೋನಿನಲ್ಲಿ ಕೂಗಾಡಿದರು. ಇವನ ಕಂಕುಳು ಒದ್ದೆ. ಮೊದಲ ಸಲ ನೋಡಿದೆ.

"ಭಾವ, ಅನ್‌ಡೂ ಮಾಡಿಬಿಡ್ತೀನಿ. ಆಮೇಲೆ ನಿನ್ನೆ ಬ್ಯಾಕಪ್ ಹಾಕಿಕೊಂಡ್ರಾಯ್ತು. ಬ್ಯಾಕಪ್ ಸರಿಯಾಗಿದೆ ತಾನೆ?"

ಮೀಟಿಂಗಿನವರೆಗೆ ಕಾಯಬೇಕಾಗಿರಲಿಲ್ಲ. ಬಾಯಿಬಿಟ್ಟು ಒಂದು ಮಾತು ಆಡಿದ್ದರೂ ಅವನು ನಿಲ್ಲುತ್ತಿದ್ದ.

"ಹಸಿರಿದೆ, ನೋಡಪ್ಪ," ಎಂದೆ.

ಸುಳ್ಳಲ್ಲ. ಒತ್ತಿದ.

ಬ್ಯಾಕಪ್ ತೆರೆದಾಗ ಒಂದು ವಾರದ ಹಿಂದಿನ ಆಸ್ಪತ್ರೆ ಎದ್ದು ಬಂತು. ಇಸ್ತ್ರಿ ನೆಲದ ಮೇಲೆ ಕೂತುಬಿಟ್ಟ, ಬಕೆಟ್ಟಿನ ಪಕ್ಕ, ಒದ್ದೆಯಲ್ಲೇ. ನೀರು ತಂದುಕೊಟ್ಟೆ. "ಥ್ಯಾಂಕ್ಸ್ ಭಾವ" ಎಂದ.

ಮಾರ್ಚ್ ೧೧

ಇಸ್ತ್ರಿಯನ್ನು ಮನೆಗೆ ಕಳಿಸಿದರು. ಅವನ ಕುರ್ಚಿ ನನಗೆ. ಮೆತ್ತಗಿದೆ.

ಸಂಜೆ ಲ್ಯಾಬ್ ಮೇಡಂ ಬಂದರು, ಕಣ್ಣು ಕೆಂಪು. ಆ ವಾರದ ಭ್ರೂಣಗಳೆಲ್ಲ ಟ್ಯಾಂಕಿನಲ್ಲಿವೆ, ಯಾವುದು ಯಾರದ್ದೆಂದು ತಿಳಿಯದು. ತಿಳಿಯದ್ದನ್ನು ಯಾರ ಹೊಟ್ಟೆಗೂ ಸೇರಿಸುವಂತಿಲ್ಲ.

"ನಿಮ್ಮ ತಂಗೀದೂ ಅದರಲ್ಲೇ ಇದೆ ಸರ್."

ನನ್ನ ತಂಗಿಯದಾ ಎಂದೆ.

"ಹೋದ ಮಂಗಳವಾರ ಬಂದಿದ್ರು. ಅಣ್ಣನಿಗೆ ಹೇಳ್ಬೇಡಿ, ಆಡ್ಕೊಂಡು ನಗ್ತಾನೆ ಅಂದಿದ್ರು. ಒಂದೇ ಒಂದು ಆಗಿತ್ತು. ಅವರಿಗೆ ಇನ್ನು ಆಗಲ್ಲ ಸರ್, ಇದೇ ಕೊನೇದು."

ಡಿ.ಎನ್.ಎ. ಪರೀಕ್ಷೆ ಮಾಡಿ ಹುಡುಕಬಹುದಲ್ಲ ಎಂದೆ. ಬಲವಾದವು ತಡೆದುಕೊಂಡಾವು, ಇದು ಸೊರಗಿದ್ದು, ಇಂಥವು ಇನ್ನೂ ಇವೆ, ಕರಗಿಸಿ ಚೂರು ತೆಗೆಯುವಷ್ಟರಲ್ಲಿ ಹೋಗಿಬಿಡುತ್ತವೆ ಎಂದರು.

ಅವರು ಹೋದಮೇಲೆ ರೆಪ್ಲಿಕಾದಲ್ಲಿ ಹುಡುಕಿದೆ. ಡಿಸ್ಕ್ ಕೆದಕಿದೆ. ನನಗೆ ಗೊತ್ತಿರುವ ಎಲ್ಲ ವಿದ್ಯೆಯನ್ನೂ ಸುರಿದೆ. ಏನೂ ಇಲ್ಲ. ಎಲ್ಲ ಹಸಿರು.

ಮಾರ್ಚ್ ೧೬, ಭಾನುವಾರ

ತಂಗಿ ಬಂದಿದ್ದಳು. ಒಬ್ಬಳೇ. ಜಗಳಕ್ಕೆ ಸಿದ್ಧನಾಗಿದ್ದೆ, ಮಾತುಗಳನ್ನೆಲ್ಲ ಜೋಡಿಸಿಟ್ಟಿದ್ದೆ: ತಪ್ಪು ನಿನ್ನ ಗಂಡನದು, ಕಾಗದ ನಿಲ್ಲಿಸಿದವನು ಅವನು, ಒತ್ತಿದವನು ಅವನು. ಅವಳು ಒಂದಕ್ಕೂ ಅವಕಾಶ ಕೊಡಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಸಣ್ಣವಳಿದ್ದಾಗ ನಾನು ಅವಳ ಆಟಿಕೆ ಬಚ್ಚಿಟ್ಟಾಗಲೂ ಹೀಗೇ ನಿಲ್ಲುತ್ತಿದ್ದಳು. ಬಚ್ಚಿಟ್ಟ ಜಾಗ ಕೊನೆಗೆ ನಾನೇ ಹೇಳುತ್ತಿದ್ದೆ.

"'ಪಾಪ, ಭಾವನಿಗೂ ಗೊತ್ತಿರ್ಲಿಲ್ಲ' ಅಂತಾರೆ ಅವರು. ನಿನ್ನ ಬಿಟ್ಟುಕೊಡಲ್ಲ," ಎಂದಳು. "ಆದ್ರೆ ನಾನು ನಿನ್ನ ಜೊತೆ ಬೆಳೆದವಳು ಅಣ್ಣ. ಒಂದೇ ಮಾತು ಹೇಳು. ಅವರು ಒತ್ತೋಕೆ ಮುಂಚೆ ನಿಂಗೆ ಗೊತ್ತಿತ್ತಾ?"

ಹಸಿರಿತ್ತು ಎಂದೆ.

"ಅದಲ್ಲ ನಾನು ಕೇಳಿದ್ದು."

ನಾನು ಅವಳ ಚಪ್ಪಲಿ ನೋಡುತ್ತ, ಗೊತ್ತಿತ್ತು ಎಂದೆ.